ತಮ್ಮ ಮನೆಯ ಎದುರಿನ ಗೋಡೆ

ನೆಹೆಮೀಯನ ಗ್ರಂಥದ 3ನೆಯ ಅಧ್ಯಾಯವನ್ನು ಬರಿಯ ಹೆಸರುಗಳ ಪಟ್ಟಿಯೆಂದು ನಾವು ದಾಟಿಬಿಡುತ್ತೇವೆ. ಜೆರುಸಲೇಮಿನ ಪೌಳಿಗೋಡೆಯನ್ನು ಯಾಜಕರೂ ಅಕ್ಕಸಾಲಿಗರೂ ವರ್ತಕರೂ ಶಲ್ಲೂಮನ ಹೆಣ್ಣುಮಕ್ಕಳೂ ಕಟ್ಟಿದರು. ಹಲವರು ಕಟ್ಟಿದ್ದು ತಮ್ಮ ಮನೆಯ ಎದುರಿನ ಭಾಗವನ್ನೇ. ಆದರೆ ನಿವಾಸಿಗಳ ಸಹಭಾಗಿತ್ವವೆಂದರೆ ದುಡಿಮೆಯಷ್ಟೇ ಅಲ್ಲ. 5ನೆಯ ಅಧ್ಯಾಯದಲ್ಲಿ ಬಡವರು ಸಾಲದ ಬಾಧೆಯನ್ನು ಮೊರೆಯಿಟ್ಟಾಗ ನೆಹೆಮೀಯನು ಸಭೆ ಕರೆದು, ಅವರ ಹೊಲಮನೆಗಳನ್ನು ಹಿಂದಿರುಗಿಸಲು ಸಿರಿವಂತರನ್ನು ಒಪ್ಪಿಸಿದನು.

ರಾಯಚೂರಿನ ಕೊಳಚೆ ಪ್ರದೇಶಗಳ ಸುಧಾರಣೆಗೆ ಈ ಎರಡನೆಯ ಸಂಗತಿಯೇ ಹೆಚ್ಚು ಹತ್ತಿರದ್ದು. ಸಂವಿಧಾನದ 243ಎಸ್ ವಿಧಿಯು ವಾರ್ಡ್ ಸಮಿತಿಗಳನ್ನು 3 ಲಕ್ಷ ಅಥವಾ ಅದಕ್ಕೆ ಮೀರಿದ ಜನಸಂಖ್ಯೆಯ ನಗರಗಳಿಗೆ ಮಾತ್ರ ಕಡ್ಡಾಯಗೊಳಿಸುತ್ತದೆ. 2011ರ ಜನಗಣತಿಯಂತೆ ರಾಯಚೂರು ನಗರದಲ್ಲಿದ್ದವರು ಸುಮಾರು 2.34 ಲಕ್ಷ; ಮಾನ್ವಿ, ದೇವದುರ್ಗಗಳು ಇನ್ನೂ ಚಿಕ್ಕವು. ಆ ಎಣಿಕೆಯಲ್ಲಿ, ವಾರ್ಡಿಗೆ ಹತ್ತಿರದ ಒಂದು ವೇದಿಕೆ ಇರಲೇಬೇಕೆಂಬ ಸಂವಿಧಾನದ ಕಟ್ಟಳೆ ಇಲ್ಲಿನ ಬಡವರನ್ನು ಮುಟ್ಟುವುದಿಲ್ಲ.

ಜಗದ್ಗುರು ಫ್ರಾನ್ಸಿಸರ 2015ರ ವಿಶ್ವಪತ್ರ ‘ಲೌದಾತೊ ಸಿ’ (152) ತಲೆ ಎಣಿಸುವುದಿಲ್ಲ: ಕೇರಿಯ ಜನರನ್ನು ಸ್ಥಳಾಂತರಿಸಬೇಕಾದರೆ ಮುಂಚಿತವಾಗಿ ಮಾಹಿತಿ, ಯೋಗ್ಯ ವಸತಿಯ ಆಯ್ಕೆ, ನಿರ್ಧಾರದಲ್ಲಿ ಪಾಲು ಇರಬೇಕೆನ್ನುತ್ತದೆ. ಅಂಥ ಸಭೆಗೆ ಧರ್ಮಕೇಂದ್ರದ ಅಂಗಳವನ್ನು ಬಿಟ್ಟುಕೊಡುವುದು ಸುಲಭ. ಅಲ್ಲಿ ಗುರುವು ಕೊನೆಯಲ್ಲಿ ಮಾತನಾಡುವುದು ಕಷ್ಟ. ನಮಗೆ ಅದರ ಅಭ್ಯಾಸವಿಲ್ಲ. ಸಭೆ ಸೇರಬೇಕಾದದ್ದೂ ಕೂಲಿಯವರು ಮರಳಿದ ಮೇಲೆ, ಸಂಜೆ. ನಕ್ಷೆಯನ್ನು ಓದಲಾರದವರಿಗೆ ಯಾರ ಮನೆ ಉಳಿಯುತ್ತದೆ, ಯಾರದು ಹೋಗುತ್ತದೆ ಎಂದು ಬಿಡಿಸಿ ಹೇಳಬೇಕು.