ಬಡ್ನಿಯ ಹನುಮಂತ ಗೆದ್ದ ಬಗೆ

2025ರ ಜನವರಿ 26ರ ರಾತ್ರಿ ಬಿಗ್ ಬಾಸ್ ಕನ್ನಡದ 11ನೇ ಸೀಸನ್ ಮುಗಿದಾಗ ಗೆದ್ದವನು ಹಾಡುಗಾರ ಹನುಮಂತ ಲಮಾಣಿ. ತ್ರಿವಿಕ್ರಮ್ ಎರಡನೆಯವರು. ಹನುಮಂತನಿಗೆ ಬಿದ್ದ ಮತ 5 ಕೋಟಿ 23 ಲಕ್ಷ, ಬಹುಮಾನ 50 ಲಕ್ಷ ರೂಪಾಯಿ. ಒಬ್ಬರೇ ಹಲವು ಸಲ ಮತ ಒತ್ತಬಹುದಾದ್ದರಿಂದ ಅದು ಅಷ್ಟು ಜನರ ಲೆಕ್ಕವಲ್ಲ. ಆದರೂ ಆಟ ಶುರುವಾಗಿ ವಾರಗಳೇ ಕಳೆದ ಮೇಲೆ ವೈಲ್ಡ್ ಕಾರ್ಡ್‌ನಲ್ಲಿ ಒಳಹೊಕ್ಕವನು ಕಪ್ ಎತ್ತಿದ್ದು ಕನ್ನಡದಲ್ಲಿ ಅದೇ ಮೊದಲು.

ಹನುಮಂತನ ಊರು ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿ ತಾಂಡಾ. ಬಳ್ಳಾರಿ ಸೀಮೆಯ ನಮಗೆ ಆ ಊರು ದೂರ. ಅವನ ಹಾಡಿನ ದನಿ ಮಾತ್ರ ದೂರದ್ದಲ್ಲ. ಸವಣೂರಿನ ಕಡೆಯ ವರದಾ ನದಿ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ, ಅದೇ ನೀರು ನಮ್ಮ ಸಿರುಗುಪ್ಪದ ಭತ್ತದ ಗದ್ದೆಗೂ ಬರುತ್ತದೆ. ಹಾಡೂ ಹಾಗೇ ಹರಿದಿದೆ. ಪಕ್ಕದ ಶಿಗ್ಗಾವಿ ತಾಲ್ಲೂಕಿನ ಶಿಶುನಾಳ ಷರೀಫರ ತತ್ವಪದಗಳನ್ನು ಹಾರ್ಮೋನಿಯಂ, ದಮ್ಮಡಿ, ತಾಳ ಹಿಡಿದು ಗುಡಿಕಟ್ಟೆಯ ಮೇಲೆ ಬೆಳತನಕ ಹಾಡುವ ಭಜನಾ ಮೇಳಗಳು ನಮ್ಮ ಕುರುಗೋಡಿನ ಸುತ್ತಲ ಹಳ್ಳಿಗಳಿಗೂ ಗೊತ್ತು. ಅಲ್ಲಿ ತೀರ್ಪುಗಾರರ ಕುರ್ಚಿ ಇರುವುದಿಲ್ಲ. ಶ್ರುತಿ ತಪ್ಪಿದರೆ ಮುಂದಿನ ಸಾಲಿನ ಅಜ್ಜನೇ ಮುಖ ಆಚೆ ತಿರುಗಿಸುತ್ತಾನೆ.

ಕುರಿ ಕಾಯುತ್ತಲೇ ಪದ ಹಾಡಿಕೊಂಡು ಬೆಳೆದ ಈ ಲಂಬಾಣಿ ಹುಡುಗ ನಾಡಿನ ಕಣ್ಣಿಗೆ ಬಿದ್ದದ್ದು ಜೀ ಕನ್ನಡದ ‘ಸರಿಗಮಪ’ 15ನೇ ಸೀಸನ್‌ನಲ್ಲಿ. ಲುಂಗಿ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು, ಹಂಸಲೇಖ, ವಿಜಯ್ ಪ್ರಕಾಶ್, ರಾಜೇಶ್ ಕೃಷ್ಣನ್, ಅರ್ಜುನ್ ಜನ್ಯ ಅವರ ಮುಂದೆ ನಿಂತ. 2019ರ ಫಿನಾಲೆಯಲ್ಲಿ ಗೆದ್ದವರು ಕೀರ್ತನ್ ಹೊಳ್ಳ. ಹನುಮಂತ ರನ್ನರ್ ಅಪ್. ನನ್ನ ಮಟ್ಟಿಗೆ ಅವನ ಕಥೆಯಲ್ಲಿ ದೊಡ್ಡದು ಆ ಸೋಲೇ. ಎರಡನೇ ಸ್ಥಾನದವರನ್ನು ಟಿವಿ ಬೇಗ ಮರೆಯುತ್ತದೆ. ಇವನನ್ನು ಜನ ಮರೆಯಲಿಲ್ಲ. ಅದೇ ವರ್ಷದ ಲೋಕಸಭಾ ಚುನಾವಣೆಗೆ ಹಾವೇರಿ ಜಿಲ್ಲಾಡಳಿತ ಮತದಾನ ಜಾಗೃತಿಗೆ ಇವನನ್ನೇ ರಾಯಭಾರಿ ಮಾಡಿತು. ಐದು ವರ್ಷದ ಮೇಲೆ ಬಿಗ್ ಬಾಸ್ ಮನೆಗೂ ಅದೇ ಲುಂಗಿ, ಅದೇ ಉತ್ತರ ಕರ್ನಾಟಕದ ಮಾತು ಹೋದವು. ಹೋದ ಕೂಡಲೇ ಕ್ಯಾಪ್ಟನ್ ಪಟ್ಟವೂ ಸಿಕ್ಕಿತು. ಕೂಗಾಟಕ್ಕೇ ಹೆಸರಾದ ಆ ಮನೆಯಲ್ಲಿ ಧನರಾಜ್ ಆಚಾರ್ ಜೊತೆ ಅವನ ಗೆಳೆತನವನ್ನು ನೋಡುಗರು ಮೆಚ್ಚಿದರು.

ಅವನನ್ನು ಮುಗ್ಧ ಎಂದು ಹೊಗಳುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬ ಅವನ ಹದ ರಾತ್ರಿಯಿಡೀ ಜನರನ್ನು ಕೂರಿಸಿ ಹಾಡುವವರ ಹದ. ಅದನ್ನು ಮುಗ್ಧತೆ ಎಂದುಬಿಟ್ಟರೆ ಕಲೆಗಾರನ ಕಸುಬನ್ನೇ ಕಡೆಗಣಿಸಿದಂತೆ.

ನಮ್ಮದೇ ಸೀಮೆಯ ಕುರುಗೋಡು ತಾಲ್ಲೂಕಿನ ಕಲ್ಲುಕಂಬದಲ್ಲಿ ಹುಟ್ಟಿದ ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿಗೆ ಹನುಮಂತನ ಹಾಗೆ ಟಿವಿ ಸ್ಪರ್ಧೆಯ ದಾರಿ ಇರಲಿಲ್ಲ. ಮನೆ ಬಿಟ್ಟು, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯ ಬಳಿ ಕುಣಿತ ಕಲಿತು, ಹಳ್ಳಿಯಿಂದ ಹಳ್ಳಿಗೆ ಯಲ್ಲಮ್ಮನ ಕಥೆ ಆಡಿದರು. ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 2010ರಲ್ಲಿ, ಜಾನಪದ ಅಕಾಡೆಮಿಯ ಅಧ್ಯಕ್ಷತೆ 2019ರಲ್ಲಿ. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ಆ ಕೆಲವೇ ಕ್ಷಣದ ದೃಶ್ಯ ದೇಶವನ್ನೆಲ್ಲ ಸುತ್ತಿತು. ಹನುಮಂತನನ್ನು ಕ್ಯಾಮೆರಾ ಮೂರು ತಿಂಗಳು ಹಗಲೂ ರಾತ್ರಿ ಹಿಂಬಾಲಿಸಿತ್ತು. ನಮ್ಮ ಸೀಮೆಯ ಬಯಲಾಟದವರ, ಭಜನೆಯವರ ಮುಂದೆ ಅದು ಒಂದು ವಾರವಾದರೂ ನಿಲ್ಲಲಿ ಎಂಬುದು ನನ್ನ ಆಸೆ.