ಕೇರವಾ ಒಂದೇ, ಪೆಟ್ಟಿಗೆ ಬೇರೆ

ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಬಾದಾಮಿಯ ಬನಶಂಕರಿ ಜಾತ್ರೆ ಮುಗಿಯುವುದಿಲ್ಲ. ನಾಟಕ ಕಂಪನಿಗಳ ಟೆಂಟುಗಳು ವಾರಗಟ್ಟಲೆ ನಿಂತಿರುತ್ತವೆ, ಹಗಲೂ ರಾತ್ರಿ ಆಟ. ಹಿಂದೆ ಕಾಲ್ಪೆಟ್ಟಿಗೆಯೂ ತಬಲಾವೂ ಇರುತ್ತಿದ್ದ ಜಾಗದಲ್ಲಿ ಈಗ ಕೀಬೋರ್ಡ್ ಮತ್ತು ರಿದಮ್ ಪ್ಯಾಡ್. ಹುನಗುಂದ, ಇಳಕಲ್ ಸುತ್ತಿನ ಹಳ್ಳಿಗಳಲ್ಲಿ ಊರ ಹುಡುಗರು ಕೂಡಿ ಆಡುವ ಸಾಮಾಜಿಕ ನಾಟಕಕ್ಕೂ, ಬಾಗಲಕೋಟೆಯ ಗಣಪತಿ ಮಂಟಪದ ಆರ್ಕೆಸ್ಟ್ರಾಕ್ಕೂ ಅದೇ ಜೋಡಿ.

ಎಡಗೈಯಲ್ಲಿ ಒಂದು ಕಾರ್ಡ್, ಅಂದರೆ ಸ್ವರಗುಚ್ಛ, ಒತ್ತಿದರೆ ಢೋಲಕ್, ಬೇಸ್, ಗಿಟಾರ್ ಎಲ್ಲ ತಾವಾಗಿಯೇ ಹಾಡಿನ ಬೆನ್ನಿಗೆ ನಿಲ್ಲುತ್ತವೆ. ಈ ಸಾಥನ್ನು ಹಿಡಿದಿಟ್ಟ ಫೈಲಿಗೆ ವಾದಕರು ಸ್ಟೈಲ್ ಅನ್ನುತ್ತಾರೆ. ತೊಡಕು ಇರುವುದು ಇಲ್ಲೇ. ಯಮಹಾದ ಸ್ಟೈಲ್ ಎಸ್‌ಟಿವೈ, ಕ್ಯಾಸಿಯೊದ್ದು ಎಸಿ7, ರೋಲಂಡ್‌ನದು ಎಸ್‌ಟಿಎಲ್. ಕಾರ್ಗ್ ತನ್ನವನ್ನು ಸೆಟ್ ಎಂಬ ಫೋಲ್ಡರಿನೊಳಗೆ ಇಡುತ್ತದೆ. ಒಂದರ ಫೈಲನ್ನು ಇನ್ನೊಂದು ಓದುವುದಿಲ್ಲ. ಮನೆಯಲ್ಲಿ ಕ್ಯಾಸಿಯೊ ಇಟ್ಟುಕೊಂಡು ತಾಲೀಮು ಮಾಡಿದವನಿಗೆ ಆಟದ ದಿನ ಬಾಡಿಗೆಯ ಯಮಹಾ ಬಂತೆಂದರೆ, ತಿಂಗಳುಗಟ್ಟಲೆ ಕೂಡಿಸಿದ ಠೇಕಾಗಳೆಲ್ಲ ಪೆನ್‌ಡ್ರೈವಿನಲ್ಲೇ ಉಳಿದವು. ಆಗ ಬೇಕಾಗುವುದು ಸ್ಟೈಲನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟಿಸಬಲ್ಲ ಕೈ.

ಈ ಕೀಬೋರ್ಡುಗಳ ಚರಿತ್ರೆ ಸಣ್ಣದು. ಕ್ಯಾಸಿಯೊಟೋನ್ 201 ಮಾರುಕಟ್ಟೆಗೆ ಬಂದದ್ದು 1980ರಲ್ಲಿ. 1983ರಲ್ಲಿ ಮಿಡಿ ಬಂದು, ಬೇರೆ ಬೇರೆ ಕಂಪನಿಯ ವಾದ್ಯಗಳು ಪರಸ್ಪರ ಮಾತಾಡುವಂತಾಯಿತು. 1991ರ ಜನರಲ್ ಮಿಡಿ ಯಾವ ನಂಬರಿಗೆ ಯಾವ ವಾದ್ಯ ಎಂದು ಗೊತ್ತುಮಾಡಿತು. ಆಮೇಲೆ ಯಮಹಾ ಪಿಎಸ್‌ಆರ್-ಐ425, ಐ455, ಐ500, ಕ್ಯಾಸಿಯೊ ಸಿಟಿ-ಎಕ್ಸ್8000ಐಎನ್ ಮುಂತಾದ ಮಾಡೆಲ್‌ಗಳು ನಮ್ಮ ದೇಶಕ್ಕೆಂದೇ ತಬಲಾ, ಢೋಲಕ್ ಹೊತ್ತು ಬಂದವು.

ಇಳಕಲ್ಲಿನ ಒಬ್ಬ ವಾದಕರ ಪಕ್ಕ ಕೂತು ಸ್ಟೈಲ್ ದಾಟಿಸುವ ಕೆಲಸ ನೋಡಿದೆ. ಹೆಸರು ಹಾಕುವುದು ಬೇಡ ಅಂದರು. ಅವರ ಕಂಪ್ಯೂಟರಿಗಿಂತ ನನ್ನ ಕಣ್ಣು ನೆಟ್ಟದ್ದು ಅವರ ಗೆರೆ ನೋಟ್‌ಬುಕ್ಕಿನ ಮೇಲೆ. ಎಡಗಡೆ ತಬಲಾದ ಬೋಲ್‌ಗಳು: ನಾ, ತಿನ್, ಗೆ, ಕತ್, ಧಾ. ಎದುರಿಗೆ ಒಂದೊಂದು ಕೀಬೋರ್ಡಿಗೂ ಒಂದೊಂದು ಕಾಲಮ್ಮು, ಅದರ ತುಂಬ ನಂಬರುಗಳು.

ಜನರಲ್ ಮಿಡಿಯಲ್ಲಿ 36ನೇ ಸ್ವರ ಬೇಸ್ ಡ್ರಮ್, 38 ಸ್ನೇರ್, 56 ಕೌಬೆಲ್, 60ರಿಂದ 64ರವರೆಗೆ ಬೊಂಗೊ ಮತ್ತು ಕಾಂಗಾ. ತಬಲಾಕ್ಕೆ ಅಲ್ಲಿ ಒಂದು ಮನೆಯೂ ಇಲ್ಲ. ಹಾಗಾಗಿ ಒಂದೊಂದು ಕಂಪನಿ ತನಗೆ ತೋಚಿದ ಕಡೆ ತಬಲಾವನ್ನು ಕೂರಿಸಿಕೊಂಡಿದೆ. ಸ್ಟೈಲ್‌ವರ್ಕ್ಸ್‌ನಂಥ ಸಾಫ್ಟ್‌ವೇರು ಫೈಲಿನ ರೂಪವನ್ನು ಬದಲಿಸಿ ಕೊಡುತ್ತದೆ. ಆದರೆ ನುಡಿಸಿದಾಗ ‘ನಾ’ ಇರಬೇಕಾದಲ್ಲಿ ಬೊಂಗೊ ಕೇಳುತ್ತದೆ, ‘ಗೆ’ ಇರಬೇಕಾದಲ್ಲಿ ಕೌಬೆಲ್ ಟಣಕ್ಕೆನ್ನುತ್ತದೆ. ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಪೆಟ್ಟನ್ನು ಹುಡುಕಿ ಅದರ ಜಾಗಕ್ಕೆ ಎತ್ತಿಡಬೇಕು. ಹೊಸ ಪೆಟ್ಟಿಗೆಯಲ್ಲಿ ‘ಧಾ’ ಬಿಡಿಯಾಗಿ ಸಿಗದಿದ್ದರೆ, ‘ನಾ’ ಮತ್ತು ‘ಗೆ’ ಎರಡನ್ನೂ ಒಂದೇ ಕ್ಷಣಕ್ಕೆ ಬೀಳಿಸಿ ‘ಧಾ’ ಮಾಡಬೇಕು, ತಬಲಜಿಯ ಎರಡು ಕೈ ಮಾಡುವುದೂ ಅದನ್ನೇ.

ಡಗ್ಗಾದ ಜಾರು ಇನ್ನೂ ಕಠಿಣ. ಎಡಗೈ ಮಣಿಕಟ್ಟು ಒತ್ತಿ ಸರಿಸುವಾಗ ಏಳುವ ಆ ಗುಂಯ್ ಎಂಬ ದನಿಯನ್ನು ಸ್ಟೈಲಿನಲ್ಲಿ ಹಲವೊಮ್ಮೆ ಪಿಚ್ ಬೆಂಡ್ ಹಾಕಿ ತಂದಿರುತ್ತಾರೆ. ದಾಟಿಸುವಾಗ ಅದರ ಅಳತೆ ತಪ್ಪಿದರೆ ಡಗ್ಗಾ ಬರೀ ಧಪ್ ಅನ್ನುತ್ತದೆ. ಶ್ರುತಿಯುಳ್ಳ ತಬಲಾ ಸ್ವರವನ್ನು ಬಳಸಿದ್ದರೆ ಬೇರೆಯೇ ಪಜೀತಿ. ಯಮಹಾ ಫೈಲಿನ ಮುಂಭಾಗ ಮಾಮೂಲಿ ಮಿಡಿ, 9ರಿಂದ 16ನೇ ಚಾನೆಲ್‌ಗಳಲ್ಲಿ ತಾಳ, ಬೇಸ್, ಕಾರ್ಡ್‌ಗಳು. ಬೆನ್ನಿಗಿರುವ ಕ್ಯಾಸ್ಮ್ ಎಂಬ ಭಾಗ, ಕಾರ್ಡ್ ಬದಲಾದಾಗ ಯಾವ ಸ್ವರ ಎತ್ತ ಸರಿಯಬೇಕೆಂದು ಹೇಳುತ್ತದೆ. ಅಲ್ಲಿ ತಬಲಾವನ್ನು ಸರಿಯದಂತೆ ಕಟ್ಟಿಹಾಕದಿದ್ದರೆ, ಗಾಯಕ ಪಲ್ಲವಿಯಿಂದ ಚರಣಕ್ಕೆ ಹೋಗಿ ಕಾರ್ಡ್ ಬದಲಾದ ಕೂಡಲೇ ತಬಲಾದ ಶ್ರುತಿಯೂ ಏರಿಬಿಡುತ್ತದೆ.

ಇಷ್ಟೆಲ್ಲ ಆದ ಮೇಲೆ ಲಯ. ಕೇರವಾ ಎಂಟು ಮಾತ್ರೆ. ಧಾ ಗೆ ನಾ ತಿ, ನಾ ಕೆ ಧಿ ನಾ. ಕಂಪ್ಯೂಟರಿನ ಕ್ವಾಂಟೈಸ್ ಒತ್ತಿದರೆ ಎಂಟೂ ಪೆಟ್ಟುಗಳು ಗೆರೆ ಕೊರೆದಂತೆ ನಿಲ್ಲುತ್ತವೆ, ಭಜನಿ ಠೇಕಾದ ಆ ತುಸು ತಡೆದು ಬೀಳುವ ಸುಖ ಹೊರಟುಹೋಗುತ್ತದೆ. ಈ ವಾದಕರು ಆ ಗುಂಡಿಯನ್ನು ಮುಟ್ಟುವುದೇ ಇಲ್ಲ. ಮುಟ್ಟಬಾರದು ಎಂದೇ ನನ್ನ ಮತವೂ. ಆ ಫೈಲಿನೊಳಗೆ ಕೂತಿರುವುದು ಯಾವನೋ ತಬಲಜಿಯ ಕೈ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಕಲಾವಿದರ ಪೇಟಿ, ತಬಲಾ ಕೇಳಿ ಬೆಳೆದ ಸೀಮೆ ಇದು. ಇಲ್ಲಿಯ ಕಿವಿಗೆ ಅಷ್ಟು ಸಣ್ಣ ವ್ಯತ್ಯಾಸವೂ ತಿಳಿಯುತ್ತದೆ.

ಈ ಕೆಲಸಕ್ಕೆ ಗೊತ್ತಾದ ದರವಿಲ್ಲ. ಸರಿಮಾಡಿದ ಸ್ಟೈಲ್ ಒಬ್ಬರ ಪೆನ್‌ಡ್ರೈವಿನಿಂದ ಮತ್ತೊಬ್ಬರದಕ್ಕೆ ಹೋಗುತ್ತದೆ, ಮಾಡಿದವರ ಹೆಸರು ಅದರ ಜೊತೆ ಹೋಗುವುದಿಲ್ಲ. ಹಳೇ ಕೀಬೋರ್ಡುಗಳ ಸ್ಟೈಲ್‌ಗಳು ಇನ್ನೂ ಫ್ಲಾಪಿಯಲ್ಲಿವೆ, ಅವನ್ನು ಓದುವ ಡ್ರೈವು ಸಿಗುವುದೇ ದುರ್ಲಭವಾಗಿದೆ. ಕೀಬೋರ್ಡಿನೊಳಗೆ ಭಾಂಗ್ರಾ, ದಾಂಡಿಯಾ ಸಿಗುತ್ತವೆ. ಗೀಗೀ ಪದದ ನಡೆ, ಹಲಗೆಯ ನಡೆ ಬೇಕೆಂದರೆ ನಾವೇ ಕಟ್ಟಿಕೊಳ್ಳಬೇಕು. ಬಾಗಲಕೋಟೆ ಸೀಮೆಯ ಹಲಗೆ, ಡೊಳ್ಳಿನ ಹಿರಿಯರನ್ನು ಕೂರಿಸಿ, ಒಂದೊಂದು ಪೆಟ್ಟನ್ನೂ ಹೆಸರು ಸಮೇತ ದಾಖಲಿಸುವ ಕೆಲಸವನ್ನು ಯಾವುದಾದರೂ ಅಕಾಡೆಮಿಯೋ ವಿಶ್ವವಿದ್ಯಾಲಯವೋ ಕೈಗೆತ್ತಿಕೊಂಡರೆ, ಈ ನೋಟ್‌ಬುಕ್ಕಿನಂಥವು ಅದಕ್ಕೆ ಮೊದಲ ಆಧಾರವಾದಾವು.

ಇಳಕಲ್ಲಿನ ಆ ವಾದಕರಿಗೆ ಇನ್ನೂ ದಕ್ಕದ್ದು ಕರಡಿ ಮಜಲು. ಕರಡಿ, ಸನಾದಿ, ತಾಳ ಕೂಡಿ ಮೆರವಣಿಗೆಯಲ್ಲಿ ನಿಧಾನಕ್ಕೆ ಎದ್ದು, ನಡೆಯುತ್ತ ನಡೆಯುತ್ತ ವೇಗ ಏರುವ ಮೇಳ ಅದು. ಸ್ಟೈಲಿಗೆ ಒಂದು ಟೆಂಪೊ ಕೊಟ್ಟರೆ ಅದೇ ಟೆಂಪೊ. ಸದ್ಯಕ್ಕೆ ಅವರು ನಾಲ್ಕು ಮಟ್ಟದ ನಡೆಯನ್ನು ಮೇನ್ ಎ, ಬಿ, ಸಿ, ಡಿ ಎಂದು ಕೂಡಿಸಿ, ನುಡಿಸುತ್ತಲೇ ಟೆಂಪೊ ಗುಂಡಿ ಒತ್ತಿ ಏರಿಸುತ್ತಾರೆ. ಹಾಗೆ ಒತ್ತುವಷ್ಟು ಹೊತ್ತು ಎಡಗೈ ಕಾರ್ಡನ್ನು ಬಿಡಬೇಕಾಗುತ್ತದೆ. ಅದಕ್ಕೊಂದು ದಾರಿ ಹುಡುಕುತ್ತಿದ್ದಾರೆ.