ಹೊಟ್ಟೆಯ ಹುಳಿಗೂ ಉಬ್ಬಸಕ್ಕೂ ನಂಟೇ?

ನಮ್ಮ ಬಡವನಹಳ್ಳಿ ಕಡೆ ರಾತ್ರಿ ಮುದ್ದೆ, ಹುರುಳಿಸಾರು ಉಂಡು ಕೈ ತೊಳೆದವರು ನೇರ ಚಾಪೆಗೇ. ಇನ್‌ಹೇಲರ್ ಎಳೆದರೂ ನಡುರಾತ್ರಿ ಉಬ್ಬಸ ಬಿಡದವರು ಇದನ್ನು ಗಮನಿಸಬೇಕು. ಮಲಗಿದಾಗ ಜಠರದ ಆಮ್ಲ ಅನ್ನನಾಳಕ್ಕೆ ಏರಬಹುದು. ಅನ್ನನಾಳಕ್ಕೂ ಶ್ವಾಸನಾಳಕ್ಕೂ ಹೋಗುವುದು ಒಂದೇ ವೇಗಸ್ ನರ. ಅಲ್ಲಿ ಉರಿದರೆ ಇಲ್ಲಿ ಬಿಗಿಯಬಹುದು. ಹೊಟ್ಟೆ ಬಿರಿಯ ಉಂಡರೆ ಉಬ್ಬಸ ಕೆರಳುತ್ತದೆಂದು ವೈದ್ಯ ವಿಲಿಯಂ ಆಸ್ಲರ್ 1892ರಲ್ಲೇ ಬರೆದಿದ್ದರು.

ಹಾಗೆಂದು ಉಬ್ಬಸದವರೆಲ್ಲ ಗ್ಯಾಸ್ಟ್ರಿಕ್ ಮಾತ್ರೆ ನುಂಗಬೇಕಿಲ್ಲ. ಅಮೆರಿಕದಲ್ಲಿ ಎದೆಯುರಿ ಇಲ್ಲದ, ಇದ್ದರೂ ಅಲ್ಪವಿದ್ದ 412 ರೋಗಿಗಳಲ್ಲಿ ಕೆಲವರಿಗೆ ಎಸೊಮೆಪ್ರಜೋಲ್, ಉಳಿದವರಿಗೆ ಹುಸಿಮಾತ್ರೆ ಕೊಟ್ಟು 24 ವಾರ ನೋಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ: ಉಬ್ಬಸ ಇದ್ದಂತೆಯೇ ಇತ್ತು.

ಎದೆಯುರಿ, ಹುಳಿತೇಗು ಇದ್ದವರು ವೈದ್ಯರನ್ನು ಕೇಳಿ. ಊಟ ಮಲಗುವ ಮೂರು ಗಂಟೆ ಮೊದಲೇ ಮುಗಿಯಲಿ. ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಡಿ. ಇದಕ್ಕೇನೂ ಕಾಸಿಲ್ಲ! ಇನ್‌ಹೇಲರ್ ಮಾತ್ರ ನಿಲ್ಲಿಸಬೇಡಿ. ಒಮ್ಮೆ ವೈದ್ಯರೆದುರೇ ಎಳೆದು ತೋರಿಸಿ.